ಬಿಸಿಲು ಬಳಿದ ನೀಲಿ

ಮೈಸೂರಿನಲ್ಲಿ ಗೆಳತಿಯ ಮನೆಗೆ ಹೋಗಿದ್ದೆ. ಅವಳು ಒಳಗೆ ಕಾಫಿ ಸೋಸುತ್ತಿದ್ದಳು. ನಾನು ಎಂದಿನಂತೆ ಅವಳ ಪುಸ್ತಕದ ಕಪಾಟಿನ ಮುಂದೆ ನಿಂತೆ. ಮೂರನೇ ಸಾಲಿನಲ್ಲಿ ಉಳಿದ ಪುಸ್ತಕಗಳ ತಲೆಯ ಮೇಲೆ ಒಂದು ತೆಳು ಪುಸ್ತಕ ಅಡ್ಡಡ್ಡ ಮಲಗಿತ್ತು. ಕಿತ್ತಳೆ ಬಣ್ಣದ ಆಕಾಶ, ಹಸಿರು ಗುಡ್ಡ, ಹೊಳೆಯ ನಡುವೆ ಒಂದು ದೋಣಿ. ದೋಣಿಯಲ್ಲಿ ನಮಗೆ ಬೆನ್ನು ಹಾಕಿ ಕೂತ ಒಬ್ಬ ಹೆಂಗಸು. ಅರಿಶಿನ ಬಣ್ಣದ ಸೀರೆ, ಕೆಂಪು ಅಂಚು. ಈ ದೋಣಿಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಆಮೇಲೆ ಪುಸ್ತಕದ ಹೆಸರು ಓದಿದೆ. ಎದೆ ಧಸಕ್ಕೆಂದಿತು. ಅದು ನನ್ನ ಪುಸ್ತಕ. 30 ವರ್ಷಕ್ಕೂ ಜಾಸ್ತಿ ಕಾಲದಿಂದ ನನ್ನ ಜೊತೆ ಮನೆಯಿಂದ ಮನೆಗೆ ಬಂದಿರುವ ಪುಸ್ತಕ. ಆದರೆ ನನ್ನ ಪುಸ್ತಕ ನೀಲಿ. ಅದರಲ್ಲಿ ಆಕಾಶ ತೆಳು ಬಿಳಿ, ಗುಡ್ಡ ಕಡು ನೀಲಿ, ಹೆಂಗಸು ಉಟ್ಟಿದ್ದು ಬಿಳಿ ಸೀರೆ.

ಬೇರೆ ಮುದ್ರಣ ಇರಬೇಕು ಅಂದುಕೊಂಡು ಪುಟ ತಿರುಗಿಸಿದೆ. ಮೊದಲ ಮುದ್ರಣ, ಪ್ರತಿಗಳು 1000. ವಾಪಸ್ ಬಂದ ಮೇಲೆ ನನ್ನದನ್ನು ತೆಗೆದು ನೋಡಿದೆ. ಅದೂ ಮೊದಲ ಮುದ್ರಣವೇ. ಒಂದೇ ಪ್ರೆಸ್ಸು, ಒಂದೇ ವರ್ಷ. ಅವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಯಾಕೆಂದರೆ ಆ ಪುಸ್ತಕವನ್ನು ನಾನು ಕೊಂಡಿದ್ದು ಅದರ ನೀಲಿಯನ್ನು ನೋಡಿ. ಬರೆದವರು ಯಾರೆಂದು ಗೊತ್ತಿರಲಿಲ್ಲ, ಕಥೆ ಏನೆಂದೂ ಗೊತ್ತಿರಲಿಲ್ಲ.

ಸಾಗರದ ಬಸ್ ಸ್ಟ್ಯಾಂಡು, 1991

ಅದು ಬೇಸಿಗೆ ರಜೆ. ನನಗೆ 12 ವರ್ಷ. ಅಮ್ಮನ ತವರು ಶರಾವತಿ ಹಿನ್ನೀರಿನ ಆಚೆ. ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ಆ ಕಡೆಯ ಊರುಗಳಿಗೆ ಹೋಗಲು ನೀರು ದಾಟಲೇಬೇಕಿತ್ತು. ಸಾಗರದಿಂದ ಬಸ್ಸು, ಹೊಳೆಬಾಗಿಲಿನಲ್ಲಿ ಲಾಂಚು, ಆಚೆ ದಡದಿಂದ ಮತ್ತೆ ಬಸ್ಸು. ಈಗ ಅಲ್ಲಿ ದೊಡ್ಡ ಸೇತುವೆ ಆಗಿದೆ, 2025ರಲ್ಲಿ. ಆಗ ಲಾಂಚು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಅಷ್ಟೇ. ಆ ದಿನ ಮಾವ ನನ್ನನ್ನು ಕರೆದುಕೊಂಡು ಹೊರಟಿದ್ದರು. ಬಸ್ಸು ಬರುವುದು ಇನ್ನೂ ಒಂದು ಗಂಟೆ ತಡ ಎಂದು ಗೊತ್ತಾಯಿತು. ಮಾವ ಪರಿಚಯದವರ ಜೊತೆ ಮಾತಿಗೆ ನಿಂತರು. ನನ್ನ ಜೇಬಿನಲ್ಲಿ ಅಜ್ಜ ಹಿಂದಿನ ಸಲ ಕೊಟ್ಟಿದ್ದ 20 ರೂಪಾಯಿ ಇತ್ತು.

ರಸ್ತೆಯ ಆಚೆ ಒಂದು ಅಂಗಡಿ. ಪಂಚಾಂಗ, ನೋಟ್‌ಬುಕ್ಕು, ಪೆನ್ನಿನ ರೀಫಿಲ್ಲು, ವಾರಪತ್ರಿಕೆ, ಜೊತೆಗೆ ಒಂದಿಷ್ಟು ಕಾದಂಬರಿ. ಮುಂದುಗಡೆ ಗಾಜಿನ ಶೋಕೇಸು. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿ, ಮಧ್ಯಾಹ್ನದ ಬಿಸಿಲು ನೇರ ಗಾಜಿನ ಮೇಲೆ ಬೀಳುತ್ತಿತ್ತು. ಒಳಗೆ ಐದಾರು ಪುಸ್ತಕ ನಿಲ್ಲಿಸಿದ್ದರು. ಅದರಲ್ಲಿ ಒಂದು ಈ ನೀಲಿ ದೋಣಿ.

ನನಗೆ ಆ ಚಿತ್ರ ಗೊತ್ತಿತ್ತು! ಬೆಳಗಿನ ಮೊದಲ ಲಾಂಚಿನಲ್ಲಿ ಹೋದವರಿಗೆ ಮಾತ್ರ ಗೊತ್ತಿರುವ ಬಣ್ಣ ಅದು. ಮಂಜು ಇನ್ನೂ ನೀರಿನ ಮೇಲೆಯೇ ಇರುತ್ತದೆ. ಗುಡ್ಡ ಹಸಿರಾಗಿ ಕಾಣುವುದಿಲ್ಲ, ನೀಲಿಯಾಗಿ ಕಾಣುತ್ತದೆ. ಆಕಾಶಕ್ಕೆ ಬಣ್ಣವೇ ಇರುವುದಿಲ್ಲ. ಅದನ್ನು ನನ್ನ ಹಾಗೆಯೇ ಯಾರೋ ನೋಡಿದ್ದಾರೆ, ನೋಡಿ ಪುಸ್ತಕದ ಮೇಲೆ ಬರೆದಿದ್ದಾರೆ ಅನ್ನಿಸಿದಾಗ ಆದ ಖುಷಿ ನನಗೆ ಇವತ್ತಿಗೂ ನೆನಪಿದೆ. ನಾನು ಕಂಡದ್ದನ್ನು ಇನ್ನೊಬ್ಬರೂ ಕಂಡಿದ್ದಾರೆ ಎಂದು ಒಂದು ಪುಸ್ತಕ ನನಗೆ ಹೇಳಿದ್ದು ಅದೇ ಮೊದಲು. ಅದೂ ಪುಟ ತೆರೆಯುವ ಮೊದಲೇ.

ಬೆಲೆ 18 ರೂಪಾಯಿ. ಅಂಗಡಿಯವರು ಶೋಕೇಸಿನಿಂದ ತೆಗೆದು, ಧೂಳು ಒರೆಸಿ, ಹಿಂದೆ ಮುಂದೆ ನೋಡಿದರು. "ಬಿಸಿಲಿಗೆ ಹೋಗಿದೆ ಮರಿ. ಇದೊಂದೇ ಇರೋದು. 15 ಕೊಡು ಸಾಕು" ಅಂದರು. ಬಿಸಿಲಿಗೆ ಏನು ಹೋಗಿದೆ ಎಂದು ನಾನು ಕೇಳಲಿಲ್ಲ. ನನ್ನ ಕಣ್ಣಿಗೆ ಅದು ಪೂರ್ತಿಯಾಗಿಯೇ ಇತ್ತು. ಮೂರು ರೂಪಾಯಿ ಉಳಿಯಿತು ಎಂದು ಓಡಿ ಬಂದೆ.

ಆ ಮಾತು ಅರ್ಥವಾಗಲು 30 ವರ್ಷ ಬೇಕಾಯಿತು. ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ನಮ್ಮ ಚಿಕ್ಕಪ್ಪನಿಗೆ ಮೈಸೂರಿನ ಕಥೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬಣ್ಣದ ಮುಖಪುಟವನ್ನು ನಾಲ್ಕೇ ಇಂಕಿನಲ್ಲಿ ಅಚ್ಚು ಹಾಕುತ್ತಾರೆ. ಸಯಾನ್ ಎನ್ನುವ ನೀಲಿ, ಮೆಜೆಂಟಾ ಎನ್ನುವ ಗುಲಾಬಿ ಕೆಂಪು, ಹಳದಿ, ಕಪ್ಪು. ನಮ್ಮ ಕಣ್ಣಿಗೆ ಕಾಣುವ ಉಳಿದೆಲ್ಲ ಬಣ್ಣವೂ ಈ ನಾಲ್ಕರ ಸಣ್ಣ ಸಣ್ಣ ಚುಕ್ಕಿಗಳು ಸೇರಿ ಆಗುವುದು. ಬಿಸಿಲಿಗೆ ಮೊದಲು ಸೋಲುವುದು ಹಳದಿ ಮತ್ತು ಮೆಜೆಂಟಾ. "ಕಪ್ಪು ಅಂದ್ರೆ ಮಸಿ ಕಣೋ. ಮಸಿಗೆ ಬಿಸಿಲು ಏನು ಮಾಡುತ್ತೆ? ನೀಲಿನೂ ಗಟ್ಟಿ. ಎಲ್ಲ ಹೋದ ಮೇಲೆ ಅವೆರಡೇ ಉಳಿಯೋದು" ಅಂದರು ಚಿಕ್ಕಪ್ಪ. ಹಳೆಯ ಸಲೂನಿನ ಗೋಡೆಯ ಮೇಲಿರುವ ತಲೆಕೂದಲ ಸ್ಟೈಲಿನ ಫೋಟೋಗಳನ್ನು ನೋಡಿ. ಹೋಟೆಲಿನ ಬಾಗಿಲಲ್ಲಿ ವರ್ಷಗಟ್ಟಲೆ ನೇತುಬಿದ್ದ ಮಸಾಲೆ ದೋಸೆಯ ಚಿತ್ರ ನೋಡಿ. ಎಲ್ಲವೂ ನೀಲಿಗೆ ತಿರುಗಿರುತ್ತವೆ. ದಿನಾ ನೋಡುತ್ತಿದ್ದೆ, ಅದು ನನ್ನ ಪುಸ್ತಕದ ಕಥೆಯೂ ಹೌದು ಎಂದು ಹೊಳೆದಿರಲಿಲ್ಲ.

ಹಾಗಾದರೆ ಕಿತ್ತಳೆ ಆಕಾಶದಿಂದ ಕೆಂಪೂ ಹಳದಿಯೂ ಹೋಗಿ ಬಿಳಿ ಕಾಗದ ಉಳಿಯಿತು. ಹಸಿರು ಗುಡ್ಡದಿಂದ ಹಳದಿ ಹೋಗಿ ನೀಲಿ ಉಳಿಯಿತು. ಅರಿಶಿನದ ಸೀರೆ ಬಿಳಿಯಾಯಿತು. ನಾನು ಇಷ್ಟಪಟ್ಟ ಆ ಬೆಳಗಿನ ಜಾವವನ್ನು ಯಾವ ಕಲಾವಿದರೂ ಬರೆದಿರಲಿಲ್ಲ. ಅವರು ಬರೆದಿದ್ದು ಸಂಜೆಯನ್ನು. ಕಿತ್ತಳೆ ಬಣ್ಣದ್ದಾಗಿದ್ದರೆ ಆ ದಿನ ನಾನು ಅದನ್ನು ಮುಟ್ಟುತ್ತಿದ್ದೆನಾ? ಬಹುಶಃ ಇಲ್ಲ.

ಅಮ್ಮನ ಲೆಕ್ಕ

ಪುಸ್ತಕವನ್ನು ಬಣ್ಣ ನೋಡಿ, ಚಿತ್ರ ನೋಡಿ ತೆಗೆದುಕೊಳ್ಳುವುದನ್ನು ನಾನು ಕಲಿತಿದ್ದು ಅಮ್ಮನಿಂದ. ಶಿವಮೊಗ್ಗದಲ್ಲಿ ನಮ್ಮ ಬೀದಿಯ ತುದಿಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದರು. ಅಮ್ಮ ಶನಿವಾರ ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಹೊರಡುತ್ತಿದ್ದಳು. ಎರಡು ಪುಸ್ತಕ ವಾಪಸ್ ಕೊಟ್ಟು ಎರಡು ತರುವುದು. ಅಮ್ಮ ಓದಿದ್ದು ಏಳನೇ ಕ್ಲಾಸು. ವಿಮರ್ಶೆ ಓದಿದವಳಲ್ಲ. ಯಾರು ದೊಡ್ಡ ಲೇಖಕರು, ಯಾರು ಅಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಪುಸ್ತಕಗಳನ್ನು ಒಂದೊಂದಾಗಿ ಎಳೆದು ಮುಖಪುಟ ನೋಡುತ್ತಿದ್ದಳು.

ಆ ಕಾಲದ ಕಾದಂಬರಿಗಳ ಮುಖಪುಟದಲ್ಲಿ ಒಂದು ಹೆಣ್ಣಿನ ಮುಖ ಇದ್ದೇ ಇರುತ್ತಿತ್ತು. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅಮ್ಮನಿಗೆ ಹಾಗಲ್ಲ. "ಎದುರಿಗೆ ನೋಡ್ತಿದ್ರೆ ಅವಳು ಕೊನೆಗೆ ಗೆಲ್ತಾಳೆ. ಕಿಟಕಿ ಕಡೆ ನೋಡ್ತಿದ್ರೆ ಅಳು ಜಾಸ್ತಿ. ಹಿಂದ್ಗಡೆ ಸಣ್ಣದಾಗಿ ಗಂಡಸಿನ ಮುಖ ಇದ್ರೆ ಅವನು ಬಿಟ್ಟು ಹೋಗ್ತಾನೆ" ಎನ್ನುತ್ತಿದ್ದಳು. ಬಣ್ಣಕ್ಕೂ ಲೆಕ್ಕ ಇತ್ತು. ನೇರಳೆ ಹಿನ್ನೆಲೆ ಇದ್ದರೆ ಯಾರೋ ಸಾಯುತ್ತಾರೆ. ಗುಲಾಬಿ ಇದ್ದರೆ ಮದುವೆಯಲ್ಲಿ ಮುಗಿಯುತ್ತದೆ. ಹಸಿರು ಇದ್ದರೆ ಹಳ್ಳಿಯ ಕಥೆ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. ಹತ್ತಕ್ಕೆ ಏಳಾದರೂ ಅವಳು ಹೇಳಿದಂತೆಯೇ ಇರುತ್ತಿದ್ದವು.

1993ರ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು. ಲಾಂಚು ಆ ದಿನ ತಡವಾಗಿ, ಅಮ್ಮ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಊರಿಂದ ವಾಪಸ್ ಬಂದ ಮೇಲೆ ಅವಳು ಮನೆಯಲ್ಲಿ ಯಾರ ಮುಂದೆಯೂ ಅಳಲಿಲ್ಲ. ಅಡುಗೆ, ತಿಂಡಿ, ನಮ್ಮ ಶಾಲೆಯ ಡಬ್ಬಿ ಎಲ್ಲ ಎಂದಿನ ಹಾಗೆ. ಆದರೆ ಶನಿವಾರ ಲೈಬ್ರರಿಯಲ್ಲಿ ಅವಳು ಕಿಟಕಿ ಕಡೆ ನೋಡುವ ಮುಖಗಳನ್ನೇ ಆರಿಸತೊಡಗಿದಳು. ಎರಡು ತಿಂಗಳು ಬರೀ ನೇರಳೆ. ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕೂತು ಓದುತ್ತಾ, ಪುಸ್ತಕದೊಳಗಿನವರಿಗಾಗಿ ಅಳುತ್ತಿದ್ದಳು. ಲೈಬ್ರರಿಯವರಿಗೂ ಗೊತ್ತಾಗಿತ್ತು ಅಂತ ಕಾಣುತ್ತದೆ. ಅವರು ಏನೂ ಕೇಳದೆ ಅಂಥವನ್ನು ಎರಡು ತೆಗೆದು ಮೇಜಿನ ಮೇಲೆ ಇಟ್ಟಿರುತ್ತಿದ್ದರು. ಆಮೇಲೆ ಒಂದು ಶನಿವಾರ ಅಮ್ಮ, "ಈ ವಾರ ಅಳೋದು ಬೇಡ" ಎಂದು ಎದುರಿಗೆ ನೋಡುವ ಹುಡುಗಿಯೊಬ್ಬಳನ್ನು ಮನೆಗೆ ತಂದಳು. ಹಿನ್ನೆಲೆ ಹಸಿರು.

ಮುಖಪುಟ ನೋಡಿ ಪುಸ್ತಕ ಆರಿಸಬಾರದು ಎನ್ನುವವರ ಮುಂದೆ ನನಗೆ ಅಮ್ಮನ ಆ ಎರಡು ತಿಂಗಳು ನೆನಪಾಗುತ್ತದೆ. ಅವಳಿಗೆ ಬೇಕಾದ ಪುಸ್ತಕವನ್ನು ಯಾವ ಪಟ್ಟಿ ಹುಡುಕಿ ಕೊಡುತ್ತಿತ್ತು? ಚಿತ್ರ ಬರೆದವರು ಹುಡುಕಿ ಕೊಟ್ಟರು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಓದಿದ ಪುಸ್ತಕವನ್ನೇ ಮತ್ತೆ ತರಬಾರದು ಎಂದು ಲೈಬ್ರರಿಗೆ ಬರುವ ಹೆಂಗಸರು ಪುಸ್ತಕದ ಒಳಗೆ ಗುರುತು ಹಾಕುತ್ತಿದ್ದರು. ಅಮ್ಮನದು 16ನೇ ಪುಟದ ಮೂಲೆಯಲ್ಲಿ ಪೆನ್ಸಿಲಿನ ನಾಲ್ಕು ಚುಕ್ಕಿ, ರಂಗೋಲಿಗೆ ಇಡುವ ಹಾಗೆ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹಳೆಯ ಕಾದಂಬರಿ ಸಿಕ್ಕರೆ ನಾನು ಈಗಲೂ 16ನೇ ಪುಟ ತೆರೆದು ನೋಡುತ್ತೇನೆ. ಇದುವರೆಗೆ ಸಿಕ್ಕಿಲ್ಲ.

ಮೊದಲ ಓದುಗ

ಕಾಲೇಜಿಗೆ ಹೋಗುವಾಗ ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಸೇರಿದೆ. ಅಲ್ಲಿ ಪುಸ್ತಕಗಳಿಗೆ ಮುಖವೇ ಇರಲಿಲ್ಲ. ಹರಿಯಬಾರದು ಎಂದು ಮುಖಪುಟ ಕಿತ್ತು ದಪ್ಪ ರಟ್ಟಿನ ಬೈಂಡ್ ಹಾಕಿಸಿದ್ದರು. ಬೆನ್ನಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರು. ಸಾಲು ಸಾಲು ಕಂದು, ಕಡುಗೆಂಪು. ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಪುಸ್ತಕಗಳಿಗೆಲ್ಲ ಬ್ರೌನ್ ಪೇಪರಿನ ಬೈಂಡ್ ಹಾಕಿ ಲೇಬಲ್ ಅಂಟಿಸುತ್ತಿದ್ದೆವಲ್ಲ, ಗಣಿತಕ್ಕೂ ಕನ್ನಡಕ್ಕೂ ವ್ಯತ್ಯಾಸ ಕಾಣದ ಹಾಗೆ, ಅದೇ ರೀತಿ. ಪುಸ್ತಕ ಹೆಚ್ಚು ಕಾಲ ಬಾಳಲಿ ಎಂದೇ ಮಾಡಿದ್ದು, ಅದು ನನಗೆ ಗೊತ್ತು. ಆದರೂ ಅಲ್ಲಿ ನಾನು ಗೊತ್ತಿರುವ ಲೇಖಕರನ್ನೇ ಮತ್ತೆ ಮತ್ತೆ ಓದಿದೆ. ಹೊಸಬರು ಒಬ್ಬರೂ ಸಿಗಲಿಲ್ಲ. ನನ್ನ ಮಟ್ಟಿಗೆ ವಿಷಯ ಇರುವುದು ಇಲ್ಲೇ. ಹೆಸರು ನೋಡಿ ಹೋದರೆ ನಾನು ಗೊತ್ತಿರುವವರ ಮನೆಗೇ ಹೋಗುತ್ತೇನೆ. ವಿಮರ್ಶೆ ಓದಿ ಹೋದರೆ ಬೇರೆಯವರಿಗೆ ಗೊತ್ತಿರುವವರ ಮನೆಗೆ. ಯಾರಿಗೂ ಪರಿಚಯವಿಲ್ಲದ ಬಾಗಿಲನ್ನು ನಾನು ತಟ್ಟಿದ್ದೆಲ್ಲ ಆ ಬಾಗಿಲ ಬಣ್ಣ ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ.

ಬಾಗಿಲಿಗೆ ಬಣ್ಣ ಹಚ್ಚಿದವರು ಆ ಮನೆಯೊಳಗೆ ಹೋಗಿ ಬಂದವರು. ಇದನ್ನು ನಾವು ಮರೆಯುತ್ತೇವೆ. ಕನ್ನಡ ಪುಸ್ತಕಗಳಲ್ಲಿ ಮುದ್ರಣದ ವಿವರ ಇರುವ ಪುಟ ನೋಡಿ. ಪ್ರತಿಗಳು ಎಷ್ಟು, ಕಾಗದ 70 ಜಿಎಸ್‌ಎಂ, ಡೆಮಿ 1/8, ಹಕ್ಕುಗಳು ಯಾರದು. ಇವುಗಳ ನಡುವೆ ಸಣ್ಣ ಅಕ್ಷರದಲ್ಲಿ 'ಮುಖಪುಟ ಚಿತ್ರ' ಅಥವಾ 'ಮುಖಪುಟ ವಿನ್ಯಾಸ' ಎಂದು ಒಂದು ಸಾಲು. ಆ ಸಾಲಿನಲ್ಲಿ ಇರುವವರು ಹಸ್ತಪ್ರತಿ ಓದಿದ ಮೊದಲ ಕೆಲವರಲ್ಲಿ ಒಬ್ಬರು. ಪತ್ರಿಕೆಗಳ ಕಥೆಗಳಿಗೆ ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅವರು ಬರೆದ ಚಿತ್ರಗಳನ್ನು ನೋಡುತ್ತಾ ಬೆಳೆದ ತಲೆಮಾರು ನಮ್ಮದು. ಮೊದಲು ಚಿತ್ರ ನೋಡಿ, ಆಮೇಲೆ ಕಥೆ ಓದಿ, ಮತ್ತೆ ಚಿತ್ರಕ್ಕೆ ಬರುತ್ತಿದ್ದೆವು. ಈಚಿನ ಪುಸ್ತಕಗಳಲ್ಲಿ ಅಪಾರ ಅವರ ವಿನ್ಯಾಸ ಎಂದು ಗೊತ್ತಾದರೆ ಲೇಖಕರ ಹೆಸರು ಕೇಳಿರದಿದ್ದರೂ ನಾನು ಕೈಗೆತ್ತಿಕೊಳ್ಳುತ್ತೇನೆ. ಕನ್ನಡ ಪುಸ್ತಕ ಪ್ರಾಧಿಕಾರ 'ಪುಸ್ತಕ ಸೊಗಸು' ಬಹುಮಾನ ಕೊಡುತ್ತಾ ಬಂದಿದೆ, ಅದರಲ್ಲಿ ಮುಖಪುಟಕ್ಕೂ ಬೇರೆಯಾಗಿ ಬಹುಮಾನ ಇದೆ. ಸೊಗಸು ಎಂಬ ಮಾತು ನನಗೆ ಬಹಳ ಇಷ್ಟ.

ಆಫ್‌ಸೆಟ್ ಬರುವ ಮೊದಲಿನ ಪುಸ್ತಕಗಳನ್ನು ನೋಡಿದರೆ ಆ ಕಲಾವಿದರ ಬಗ್ಗೆ ಇನ್ನೂ ಜಾಸ್ತಿ ಗೌರವ ಬರುತ್ತದೆ. ಅಚ್ಚುಮೊಳೆಯ ಕಾಲದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕು ಮಾಡಿಸಬೇಕು. ಒಂದೊಂದು ಬಣ್ಣಕ್ಕೂ ಅದೇ ಕಾಗದವನ್ನು ಮತ್ತೆ ಮೆಷಿನ್ನಿಗೆ ಕೊಡಬೇಕು. ಖರ್ಚು ಏರುತ್ತದೆ. ಹಾಗಾಗಿ ಎರಡೇ ಬಣ್ಣ. ಆ ಎರಡರಲ್ಲೇ ಕಲಾವಿದರು ಮೂರನೆಯದನ್ನು ಹುಟ್ಟಿಸುತ್ತಿದ್ದರು. ಹಳದಿಯ ಮೇಲೆ ನೀಲಿ ಬಿದ್ದ ಕಡೆ ಹಸಿರು. ಎರಡೂ ಬೀಳದ ಕಡೆ ಕಾಗದದ ಬಿಳಿ, ಅದು ನಾಲ್ಕನೇ ಬಣ್ಣ. ಎರಡನೇ ಸಲ ಕಾಗದ ಒಂದು ಕೂದಲೆಳೆ ಜರುಗಿದರೂ ಬಣ್ಣ ಗೆರೆ ದಾಟಿ ಹೊರಗೆ ಬರುತ್ತಿತ್ತು. ತುಟಿಯ ಕೆಂಪು ಕೆನ್ನೆಗೆ ಬಂದಿರುವ ಎಷ್ಟೋ ಮುಖಪುಟಗಳು ನನ್ನ ಹತ್ತಿರ ಇವೆ. ಕೈಯಿಂದ ಕಾಗದ ಕೊಟ್ಟವರ ಗುರುತು ಅದು.

ದಾರಿ ತೋರುವ ಬಣ್ಣ

ಬಣ್ಣ ನೋಡಿ ಪುಸ್ತಕ ಆರಿಸುವುದನ್ನು ಪ್ರಕಾಶಕರೇ ಒಂದು ಕ್ರಮವಾಗಿ ಮಾಡಿದ ಉದಾಹರಣೆಗಳೂ ಇವೆ. ಇಂಗ್ಲೆಂಡಿನಲ್ಲಿ 1935ರಲ್ಲಿ ಪೆಂಗ್ವಿನ್ ಶುರುವಾದಾಗ ಮುಖಪುಟದಲ್ಲಿ ಚಿತ್ರವೇ ಇರಲಿಲ್ಲ. ಬರೀ ಬಣ್ಣದ ಪಟ್ಟಿ. ಕಿತ್ತಳೆ ಅಂದರೆ ಕಾದಂಬರಿ, ಹಸಿರು ಅಂದರೆ ಪತ್ತೇದಾರಿ, ಕಡುನೀಲಿ ಅಂದರೆ ಜೀವನಚರಿತ್ರೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಆ ಮಾಸಿದ ಕಿತ್ತಳೆ ಬೆನ್ನುಗಳು ಈಗಲೂ ದೂರದಿಂದ ಕಣ್ಣಿಗೆ ಬೀಳುತ್ತವೆ. ಇಟಲಿಯಲ್ಲಿ ಇದು ಇನ್ನೂ ಮುಂದೆ ಹೋಯಿತು. ಮಿಲಾನಿನ ಮೊಂಡಡೋರಿ ಎಂಬ ಪ್ರಕಾಶನ 1929ರಿಂದ ಪತ್ತೇದಾರಿ ಕಥೆಗಳನ್ನು ಹಳದಿ ಮುಖಪುಟದಲ್ಲಿ ತಂದಿತು. ಜನ 'ಹಳದಿ ಕೊಡಿ' ಎಂದು ಕೇಳಿ ಕೇಳಿ, ಇವತ್ತು ಇಟಲಿಯ ಭಾಷೆಯಲ್ಲಿ ಹಳದಿ ಎನ್ನಲು ಇರುವ 'ಜಾಲ್ಲೊ' ಎಂಬ ಮಾತಿಗೆ ಪತ್ತೇದಾರಿ ಕಥೆ ಎಂಬ ಅರ್ಥವೂ ಇದೆ. ಅಮ್ಮನ ನೇರಳೆ, ಗುಲಾಬಿ, ಹಸಿರಿನ ಲೆಕ್ಕ ಒಬ್ಬಳ ತಲೆಯಲ್ಲೇ ಉಳಿಯಿತು.

ಇದಕ್ಕೆ ಪೂರ್ತಿ ಬೇರೆಯಾದ ದಾರಿಯೂ ನಮ್ಮಲ್ಲಿತ್ತು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿದ್ದು ಚಂದಾದಾರರನ್ನು ನಂಬಿ. ಚಂದಾ ಕಟ್ಟಿದವರ ಮನೆಗೆ ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ಆರಿಸುವ ಮಾತೇ ಇಲ್ಲ. ಮಾಲೆಯನ್ನು ಶುರು ಮಾಡಿದ ಜಿ.ಬಿ. ಜೋಶಿಯವರ ಅಟ್ಟದ ಮೇಲೆ ಕೂತು ಪುಸ್ತಕ ಆರಿಸುವವರು ಒಳ್ಳೆಯದನ್ನೇ ಕಳಿಸುತ್ತಾರೆ ಎಂಬ ನಂಬಿಕೆ. ಯೋಚಿಸಿದರೆ ಎರಡೂ ನಂಬಿಕೆಯೇ. ಒಂದು ಪ್ರಕಾಶಕರ ಮೇಲೆ, ಇನ್ನೊಂದು ಚಿತ್ರ ಬರೆದವರ ಮೇಲೆ.

ಈಗ ಫೋನಿನಲ್ಲಿ ಪುಸ್ತಕ ಕೊಳ್ಳುವಾಗ ಮುಖಪುಟ ಒಂದು ಅಂಚೆಚೀಟಿಯಷ್ಟು ಕಾಣುತ್ತದೆ. ಅಷ್ಟರಲ್ಲಿ ಕಾಣಬೇಕೆಂದು ಅಕ್ಷರ ದೊಡ್ಡದಾಗುತ್ತಿದೆ, ಚಿತ್ರ ಚಿಕ್ಕದಾಗುತ್ತಿದೆ. ಅಲ್ಲಿ ಬಿಸಿಲೂ ಬೀಳುವುದಿಲ್ಲ. ಅದರ ಬಗ್ಗೆ ಹೇಳಲು ನನಗೆ ಹೆಚ್ಚೇನೂ ಇಲ್ಲ.

ಎರಡು ದಡ

ಗೆಳತಿಯಿಂದ ಅವಳ ಪ್ರತಿಯನ್ನು ಒಂದು ವಾರಕ್ಕೆ ಕೇಳಿ ತಂದೆ. ಕಾದಂಬರಿಯ ಹೆಸರು ಬೇಡ. ಕಥೆ ಇಷ್ಟು. ಒಬ್ಬ ಹೆಣ್ಣುಮಗಳು ಮದುವೆಯಾಗಿ ಹೊಳೆ ದಾಟಿ ಗಂಡನ ಊರಿಗೆ ಹೋಗುತ್ತಾಳೆ. ಎಷ್ಟೋ ವರ್ಷದ ಮೇಲೆ, ಗಂಡ ಸತ್ತ ಮೇಲೆ, ಅದೇ ಹೊಳೆ ದಾಟಿ ತವರಿಗೆ ಬರುತ್ತಾಳೆ. ದೋಣಿ ಎರಡು ಸಲ ಬರುತ್ತದೆ, ಮೊದಲ ಅಧ್ಯಾಯದಲ್ಲೊಮ್ಮೆ, ಕೊನೆಯಲ್ಲೊಮ್ಮೆ.

ನಾನು ಇಷ್ಟು ವರ್ಷ ಅದನ್ನು ವಾಪಸ್ ಬರುವ ಕಥೆ ಎಂದೇ ಓದಿದ್ದೆ. ನನ್ನ ಮುಖಪುಟದಲ್ಲಿ ಅವಳು ಬಿಳಿ ಸೀರೆ ಉಟ್ಟಿದ್ದಳಲ್ಲ. ಮೊದಲ ಪುಟದಿಂದಲೇ ನನಗೆ ಕೊನೆ ಗೊತ್ತಿತ್ತು. ಮದುವೆಯ ಅಧ್ಯಾಯದಲ್ಲಿ ಎಲ್ಲರೂ ನಗುವಾಗಲೂ ನಾನು ನಗುತ್ತಿರಲಿಲ್ಲ. ಅಜ್ಜ ತೀರಿಕೊಂಡ ವರ್ಷ ನಾನು ಅದನ್ನು ಮತ್ತೆ ಓದಿದಾಗ ದೋಣಿಯಲ್ಲಿ ಕೂತಿದ್ದವಳು ನನ್ನ ಅಜ್ಜಿಯೇ ಆಗಿದ್ದಳು. ಗೆಳತಿಗೆ ಹಾಗಲ್ಲ. ಅವಳಿಗೆ ಅದು ಹೊರಟು ಹೋಗುವ ಕಥೆ. ಅರಿಶಿನದ ಸೀರೆ, ಕೆಂಪು ಅಂಚು, ಸಂಜೆಯ ಆಕಾಶ. ಕೊನೆಯಲ್ಲಿ ಗಂಡ ಸತ್ತಾಗ ತನಗೆ ಎಂಥ ಪೆಟ್ಟು ಬಿತ್ತು ಎಂದು ಅವಳು ಫೋನಿನಲ್ಲಿ ಹೇಳಿದಳು. ಆ ಪೆಟ್ಟು ನನಗೆ ಯಾವತ್ತೂ ಬಿದ್ದಿರಲಿಲ್ಲ.

ಕಲಾವಿದರು ಬರೆದಿದ್ದು ಹೊರಟವಳನ್ನು. ಅದರಲ್ಲಿ ಅನುಮಾನವಿಲ್ಲ. ಆದರೂ ಒಂದು ಸಂಜೆ ಎರಡೂ ಪ್ರತಿ ಮುಂದಿಟ್ಟುಕೊಂಡು ಆ ಎರಡು ಅಧ್ಯಾಯಗಳಲ್ಲಿ ಹೊತ್ತು ಯಾವುದು ಎಂದು ಹುಡುಕಿದೆ. ಬೆಳಗೋ, ಸಂಜೆಯೋ? ಬರೆದೇ ಇಲ್ಲ. ನೀರು ತಣ್ಣಗಿತ್ತು ಎಂದಿದೆ. ಅಂಬಿಗ ಮಾತಾಡಲಿಲ್ಲ ಎಂದಿದೆ. ಎರಡು ಕಡೆಯೂ ಅದೇ ಮಾತು.

ಮುಂದಿನ ಭಾನುವಾರ ಪುಸ್ತಕ ವಾಪಸ್ ಕೊಡಲು ಹೋದೆ. ನನ್ನ ಪ್ರತಿಯನ್ನೂ ಒಯ್ದಿದ್ದೆ, ಸುಮ್ನೆ ತೋರಿಸಲು. ಗೆಳತಿ ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟಳು. ಅದೇ ದೋಣಿ, ಅದೇ ಬೆನ್ನು. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನದನ್ನು ನನ್ನ ಕಡೆ ಸರಿಸಿ, ನೀಲಿಯನ್ನು ಕೈಗೆತ್ತಿಕೊಂಡಳು. "ಇದನ್ನ ಒಂದ್ ವಾರ ನನ್ನ ಹತ್ರ ಬಿಟ್ಟು ಹೋಗು" ಅಂದಳು.